ಸೋದರತ್ತೆಯ ಲ್ಯಾಪ್‌ಟಾಪಿನಲ್ಲಿ ಗಂಡುಗಳು ದಿಕ್ಕಾಪಾಲು

ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಈ ಸೀಮೆಯಲ್ಲಿ ನೀವು ಗಂಡ ಹೆಂಡತಿ ಅನ್ಯೋನ್ಯವಾಗಿ ಬಾಳುತ್ತಿದ್ದರೆ ಅದು ನಿಮ್ಮ ಪೂರ್ವಜನ್ಮದ ಪುಣ್ಯ ಎಂದು ತಿಳಿಯಬೇಡಿ. ಅದು ನಮ್ಮ ಸೋದರತ್ತೆಯ ಕೈಗುಣ. ಬೆಳಗಾದರೆ ಕಚ್ಚಾಡುತ್ತಿದ್ದರೆ ಮಾತ್ರ ಅದು ನಿಮ್ಮ ಹಣೆಬರಹ! ಇದು ನನ್ನ ಮಾತಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೂತು, ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ನಾಲ್ಕು ಪಂಕ್ತಿಗೆ ಕೇಳಿಸುವ ಹಾಗೆ ಅತ್ತೆಯೇ ಸಾರುವ ಮಾತು.

ಅತ್ತೆ ಎಂದ ಕೂಡಲೇ ಗಂಡನ ತಾಯಿಯನ್ನು ನೆನೆದು ನೀವು ಸೆರಗು ಸರಿಮಾಡಿಕೊಳ್ಳಬೇಕಿಲ್ಲ. ಈಕೆ ನಮ್ಮಪ್ಪನ ತಂಗಿ. ಮಾವ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ನಮ್ಮ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನಗೂ ನನ್ನ ತಂಗಿಗೂ ತವರುಮನೆ ಎಂದರೆ ಹರಪನಹಳ್ಳಿಯ ಅತ್ತೆಯ ಮನೆಯೇ. ನಾನು ಮದುವೆಯಾಗಿ ಕೊಟ್ಟೂರಿನಲ್ಲಿದ್ದೇನೆ, ತಂಗಿ ಅತ್ತೆಯ ಜೊತೆಗಿದ್ದಾಳೆ. ಅತ್ತೆಯ ಕಸುಬು ಗಂಡು ಹೆಣ್ಣು ಕೂಡಿಸುವುದು. ಕಸುಬು ಎಂದರೆ ಬೈಯುತ್ತಾಳೆ. "ಕಸುಬಲ್ಲವ್ವಾ, ಚಟ" ಎನ್ನುತ್ತಾಳೆ. ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ ಬಿಟ್ಟು ಯಾರಿಂದಲೂ ಏನನ್ನೂ ಮುಟ್ಟಿದವಳಲ್ಲ.

ಈ ಚಟ ಎಷ್ಟಿತ್ತೆಂದರೆ, ಒಮ್ಮೆ ಇಟ್ಟಿಗಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಬಂದು "ಎಲ್ಲಿಗಮ್ಮಾ?" ಎಂದ. ಈಕೆ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮನಿದೇವ್ರು ಯಾವುದಪಾ?" ಎಂದು ಕೇಳಿದಳು! ಪಾಪ, ಅವನು ಹೇಳಿದ. ಇಟ್ಟಿಗಿ ಬರುವಷ್ಟರಲ್ಲಿ ಅವನ ಸಂಬಳ, ಅವನ ತಾಯಿಯ ಮಂಡಿನೋವು, ಅವನಿಗೆ ಬೆಂಡೆಕಾಯಿ ಸೇರುವುದಿಲ್ಲ ಎನ್ನುವುದು ಎಲ್ಲ ಹೊರಗೆ ಬಂತು. ಈಗ ಅವನು ಇಟ್ಟಿಗಿಯ ಅಳಿಯ. ಅತ್ತೆ ಹತ್ತಿದರೆ ಸಾಕು, ಕಿಟಕಿ ಪಕ್ಕದಲ್ಲಿ ಕೂತವರನ್ನು ಎಬ್ಬಿಸಿ ಜಾಗ ಕೊಡಿಸುತ್ತಾನೆ. ಬೆಂಡೆಕಾಯಿಯನ್ನೂ ತಿನ್ನುತ್ತಾನಂತೆ.

ನಾವು ಚಿಕ್ಕವರಿದ್ದಾಗ ಅತ್ತೆಯ ಆಫೀಸು ಎಂದರೆ ಪಡಸಾಲೆಯ ಚಾಪೆ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ, ಬಲಗಡೆ ಗಂಡುಗಳ ಫೋಟೋ, ಎಡಗಡೆ ಹೆಣ್ಣುಗಳ ಫೋಟೋ ಹರಡುತ್ತಿದ್ದಳು. ಒಂದೊಂದರ ಮೇಲೂ ಒಂದು ಹುಣಸೆ ಬೀಜ, ಹಾರಿ ಹೋಗದಿರಲೆಂದು. ಮಾತುಕತೆ ಮುಂದೆ ಹೋದ ಹಾಗೆ ಗಂಡಿನ ಫೋಟೋ ಈ ಕಡೆಗೆ ಬೆರಳಷ್ಟು, ಹೆಣ್ಣಿನ ಫೋಟೋ ಆ ಕಡೆಗೆ ಬೆರಳಷ್ಟು. ಜಾತಕ ಕೂಡಿತೇ? ಒಂದು ಗೇಣು ಸರಿಸು. ಹುಡುಗನ ಅಕ್ಕ ಕೊಂಕು ಮಾತಾಡಿದಳೇ? ಹಿಂದಕ್ಕೆ ಎಳೆ. ಎರಡೂ ಫೋಟೋ ಪಕ್ಕಪಕ್ಕ ಬಂದವೋ, ಆ ಮದುವೆ ಆಯಿತೆಂದೇ ಲೆಕ್ಕ. ಚಾಪೆ ನೋಡಿದರೆ ಸಾಕು, ಯಾರ ಮನೆಯಲ್ಲಿ ಯಾವಾಗ ಚಪ್ಪರ ಏಳುತ್ತದೆ ಎಂದು ಹೇಳಬಹುದಿತ್ತು. ನಮಗೆ ಇದ್ದ ಕಷ್ಟ ಒಂದೇ: ನಡುಬೇಸಿಗೆಯಲ್ಲೂ ಫ್ಯಾನ್ ಹಚ್ಚುವಂತಿಲ್ಲ! ನಾನೂ ತಂಗಿಯೂ ಬೆವರಿನಲ್ಲಿ ತೊಯ್ದು, ಗೋಡೆಗೆ ಒರಗಿ, ಅತ್ತೆ ಗಂಡುಗಳನ್ನು ಸರಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ತಂಗಿ ನನ್ನ ಕಿವಿಯಲ್ಲಿ, "ಆ ಮೀಸಿ ಗಂಡು ನಂಗ ಬ್ಯಾಡಕ್ಕ" ಎಂದು ಪಿಸುಗುಟ್ಟುತ್ತಿದ್ದಳು. ಆಗ ಅವಳು ಎರಡನೆಯ ಇಯತ್ತೆ! ಅಂಥ ಮಧ್ಯಾಹ್ನಗಳು ಈಗ ಎಲ್ಲಿ ಹೋದವೋ. ಎಲ್ಲರ ಮನೆಯಲ್ಲೂ ಫ್ಯಾನ್ ತಿರುಗುತ್ತದೆ, ಆ ಗಾಳಿ ಮಾತ್ರ ನನಗೆ ಹತ್ತುವುದಿಲ್ಲ.

ಫ್ಯಾನಿನ ವಿಷಯ ಬಂತಲ್ಲ, ಹೇಳಿಯೇಬಿಡುತ್ತೇನೆ. ನನ್ನ ಫೋಟೋ ಚಾಪೆಯ ಮೇಲೆ ಬಂದ ವರ್ಷ ಅದು ಕೂಡ್ಲಿಗಿಯ ಒಬ್ಬ ಇಂಜಿನಿಯರ್ ಕಡೆಗೆ ನಡೆದಿತ್ತು. ಒಂದು ದಿನ ಊರಿಂದ ಬಂದ ನೆಂಟರು ಯಾರೋ, ಈ ಮನೆಯ ಕಾನೂನು ಗೊತ್ತಿಲ್ಲದವರು, ಸೆಕೆಯೆಂದು ಫ್ಯಾನಿನ ಗುಂಡಿ ಒತ್ತಿಬಿಟ್ಟರು. ಹುಣಸೆ ಬೀಜಗಳು ಒಂದು ದಿಕ್ಕಿಗೆ, ಗಂಡುಗಳು ಒಂದು ದಿಕ್ಕಿಗೆ! ಅತ್ತೆ ಹೋ ಎಂದು ಓಡಿ ಬಂದಾಗ ನನ್ನ ಫೋಟೋ ಕೊಟ್ಟೂರಿನ ಮೇಷ್ಟ್ರೊಬ್ಬರ ಫೋಟೋದ ಮೇಲೆ ಹೋಗಿ ಕೂತಿತ್ತು. ಅತ್ತೆ ಸ್ವಲ್ಪ ಹೊತ್ತು ನೋಡಿದಳು. "ಇರ್ಲಿ ಬಿಡು, ಇದೂ ಚಂದ ಕಾಣತೈತಿ" ಎಂದಳು. ಹೀಗೆ ನನ್ನ ಮದುವೆ ಗಾಳಿಗೆ ಆದದ್ದು. ನಮ್ಮ ಯಜಮಾನರಿಗೆ ಇದನ್ನು ಹೇಳಿದರೆ, "ಅದಕ್ಕ ನೀ ಹಿಂಗ ಹಾರಾಡತಿ" ಎನ್ನುತ್ತಾರೆ.

ಚಾಪೆಯ ಕಾಲ ಮುಗಿದದ್ದು ಒಂದು ಆಡಿನಿಂದ. ಪಕ್ಕದ ಮನೆಯವರ ಆಡು ಪಡಸಾಲೆಗೆ ನುಗ್ಗಿ, ಹುಣಸೆ ಬೀಜದ ವಾಸನೆಗೋ ಏನೋ, ಹಡಗಲಿಯ ಗಂಡನ್ನು ತಿಂದುಬಿಟ್ಟಿತು. ಮರುದಿನ ಹೆಣ್ಣಿನ ಕಡೆಯವರು ಬಂದರು.

"ಹಡಗಲಿ ಹುಡುಗನ ಫೋಟೋ ತೋರಸ್ತೀನಿ ಅಂದಿದ್ರೆಲ್ರಿ?"

"ಏನ್ ತೋರಸ್ಲಿ ನನ್ನವ್ವಾ, ಹುಡುಗನ್ನ ಆಡು ತಿಂತು!"

ಹೆಣ್ಣಿನ ತಾಯಿ ಅಲ್ಲೇ ಕುಸಿದು ಕೂತಳು. ಆಗ ನಮ್ಮ ಯಜಮಾನರು ಮರುಗಿ, ತಾವು ಹೊಸದು ಕೊಂಡಿದ್ದರಿಂದ ಹಳೆಯ ಲ್ಯಾಪ್‌ಟಾಪನ್ನು ಅತ್ತೆಗೆ ಕೊಟ್ಟರು. ಫೋಟೋಗಳನ್ನೆಲ್ಲ ಅದರೊಳಗೆ ಇಳಿಸಿ, ಪರದೆಯ ಮೇಲೆ ಹರಡಿ, ಮೌಸಿನಿಂದ ಹಿಡಿದು ಎಳೆಯುವುದನ್ನು ಕಲಿಸಿದರು. ಪರದೆಯಲ್ಲಿ ಒಂದು ಹಸಿರು ಗುಡ್ಡದ ಚಿತ್ರವಿತ್ತು. ಗುಡ್ಡದ ಬಲಕ್ಕೆ ಗಂಡುಗಳು, ಎಡಕ್ಕೆ ಹೆಣ್ಣುಗಳು. ಮದುವೆ ಗಟ್ಟಿಯಾದವರು ಜೋಡಿಯಾಗಿ ಗುಡ್ಡದ ನೆತ್ತಿಗೆ. ಅತ್ತೆಗೆ ಸ್ವರ್ಗ ಸಿಕ್ಕ ಹಾಗಾಯಿತು. ಪಡಸಾಲೆಯಲ್ಲಿ ಅಂತೂ ಫ್ಯಾನ್ ತಿರುಗಿತು!

"ಅತ್ತಿ, ಇದರಾಗ ಸಿನಿಮಾನೂ ನೋಡಬಹುದು" ಎಂದೆ.

"ನಂಗ್ಯಾಕ ಸಿನಿಮಾ? ಇಲ್ನೋಡು, ಎಷ್ಟು ಸಿನಿಮಾ ನಡ್ದಾವ!"

ಇನ್ನು ತಂಗಿಯ ಮಾತು. ಇದನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಅವಳ ಗಂಡ ಅಪಘಾತದಲ್ಲಿ ಹೋದ. ಆ ಮದುವೆ ಮಾಡಿಸಿದ್ದೂ ಅತ್ತೆಯೇ. ತಂಗಿ ಒಂದು ದಿನವೂ ಅತ್ತೆಯನ್ನು ದೂರಲಿಲ್ಲ. ದೂರಿದ್ದರೆ ಅತ್ತೆಗೆ ಹಗುರವಾಗುತ್ತಿತ್ತೋ ಏನೋ. ತಂಗಿ ಹಗರಿಬೊಮ್ಮನಹಳ್ಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಬಸ್ಸಿಗೆ ಹೋಗುತ್ತಾಳೆ, ಸಂಜೆ ಬಸ್ಸಿಗೆ ಬರುತ್ತಾಳೆ. ಮನೆಯಲ್ಲಿ ಯಾರಾದರೂ ಮದುವೆಯ ಮಾತೆತ್ತಿದರೆ ಎದ್ದು ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಹಾಕುತ್ತ ನಿಲ್ಲುತ್ತಾಳೆ. ಹಿತ್ತಲಿನ ದಾಸವಾಳ ಅಷ್ಟು ನೀರು ಕುಡಿದೂ ಬದುಕಿದೆಯಲ್ಲ, ಅದೇ ಆಶ್ಚರ್ಯ.

ಉಚ್ಚಂಗಿದುರ್ಗದ ಕಡೆ ಒಬ್ಬರು ದನದ ಡಾಕ್ಟರಿದ್ದಾರೆ. ಅವರದೂ ಒಂಟಿ ಜೀವ. ಅತ್ತೆ ತಂಗಿಯನ್ನು ಕರೆದುಕೊಂಡು ಉಚ್ಚಂಗೆಮ್ಮನ ದರ್ಶನಕ್ಕೆ ಹೋದಾಗ ಬಸ್ಸು ತಪ್ಪಿ, ಅವರು ತಮ್ಮ ಜೀಪಿನಲ್ಲಿ ಇಬ್ಬರನ್ನೂ ಹರಪನಹಳ್ಳಿಗೆ ಬಿಟ್ಟಿದ್ದರು. ದಾರಿಯಲ್ಲಿ ತಂಗಿ ಅವರ ಜೊತೆ ಹಸುಗಳ ರಕ್ತ ಪರೀಕ್ಷೆಯ ಬಗ್ಗೆ ಮಾತಾಡಿದಳಂತೆ. ಮಾತಾಡಿದಳು! ಅತ್ತೆಗೆ ಅಷ್ಟೇ ಸಾಕಿತ್ತು. ಆಮೇಲೆ ಒಂದು ದಿನ ಡಾಕ್ಟರನ್ನು ಕಂಡು ವಿಷಯ ತಿಳಿಸಿದಾಗ ಅವರು, "ಅವಸರ ಏನಿಲ್ರಿ ಅಮ್ಮಾ. ಅವರು ಹೂಂ ಅನ್ನೋತನಕ ಕಾಯ್ತೀನಿ. ಒಲ್ಲೆ ಅಂದ್ರೂ ಬ್ಯಾಸರ ಇಲ್ಲ" ಎಂದರಂತೆ.

ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಅತ್ತೆ ತಂಗಿಯ ಮುಂದೆ ಮಾತ್ರ ಬಾಯಿ ಬಿಡಲಾರಳು. ಒಮ್ಮೆ ಮಾಡಿಸಿದ್ದು ಹಾಗಾಯಿತಲ್ಲ ಎಂಬ ಅಂಜಿಕೆ. ಬಾಯಲ್ಲಿ ಹೇಳಲಾಗದ್ದನ್ನು ಪರದೆಯ ಮೇಲೆ ಮಾಡಿದಳು. ತಂಗಿಯ ಫೋಟೋವನ್ನು ಎಡಗಡೆಯ ಮೂಲೆಯಲ್ಲಿಟ್ಟಳು, ಅದನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಲಿಲ್ಲ. "ಆಕಿ ನೊಂದಾಕಿ, ಆಕಿನ್ನ ಎಳೀಬಾರ್ದು. ಗಂಡು ನಡಕೊಂಡು ಬರ್ಲಿ" ಎಂದು ನನಗೆ ಹೇಳಿದಳು. ಡಾಕ್ಟರರ ಫೋಟೋವನ್ನು ಮಾತ್ರ ಆಗೊಮ್ಮೆ ಈಗೊಮ್ಮೆ, ಸೋಮವಾರ ಪೂಜೆಯಾದ ಮೇಲೆ, ಒಂದು ಚೂರು ಈ ಕಡೆ ಸರಿಸುವಳು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಡಾಕ್ಟರು ಬಲಗಡೆಯಿಂದ ಹೊರಟವರು ನಡೆಯುತ್ತಲೇ ಇದ್ದರು.

ಇಂಥ ಹೊತ್ತಿನಲ್ಲಿ ಬಂತು ನೋಡಿ ಆ ಅಪ್‌ಡೇಟು!

ಲ್ಯಾಪ್‌ಟಾಪು ದಿನಾ ಕೇಳುತ್ತಿತ್ತಂತೆ: ಹೊಸದು ಬಂದಿದೆ, ಹಾಕಲೋ, ಆಮೇಲೆ ನೆನಪಿಸಲೋ? ನಿಮ್ಮಂಥವರು ನನ್ನಂಥವರು ಏನು ಮಾಡುತ್ತೇವೆ? ಆಮೇಲೆ ಎಂದು ಒತ್ತಿ ಸುಮ್ಮನಾಗುತ್ತೇವೆ. ಅತ್ತೆಗೆ 'ಆಮೇಲೆ' ಎಂಬ ಮಾತೇ ಆಗದು. ಹೆಣ್ಣು ನೋಡಿ ಹೋಗಿ 'ಆಮೇಲೆ ಹೇಳ್ತೀವಿ' ಎಂದವರನ್ನು ಅವಳು ಮನೆ ಮೆಟ್ಟಿಲು ಹತ್ತಿಸುವುದಿಲ್ಲ. "ಪಾಪ, ದಿನಾ ಬಂದು ಕೇಳಾಕತ್ತೈತಿ, ಎಷ್ಟಂತ ಆಮ್ಯಾಲ ಆಮ್ಯಾಲ ಅನ್ನೋದು?" ಎಂದುಕೊಂಡು, ಪಂಚಾಂಗ ನೋಡಿ, ಒಂದು ಗುರುವಾರ ರಾಹುಕಾಲ ಬಿಟ್ಟು, ಊದಿನಕಡ್ಡಿ ಬೆಳಗಿ, ಹೂಂ ಎಂದು ಒತ್ತಿದಳು. ತಂಗಿ ಲ್ಯಾಬಿನಲ್ಲಿದ್ದಳು. ನನಗೆ ಫೋನು ಬಂತು.

"ಲೇ ಹುಡುಗಿ, ಲ್ಯಾಪ್‌ಟಾಪು ಗಿರಗಿರ ತಿರುಗಾಕತ್ತೈತಿ!"

"ಹಂಗ ಇರತೈತಿ ಅತ್ತಿ. ತಾನ ನಿಲ್ಲತೈತಿ ಬಿಡು."

"ಆರಿಸಬ್ಯಾಡ್ರಿ ಅಂತ ಬರ್ದೈತಿ. ನಾ ಬಚ್ಚಲಿಗೆ ಹೋಗಿ ಬರಬಹುದಾ?"

ಅದು ತಾನೇ ಆರಿತು, ತಾನೇ ಎದ್ದಿತು, ಮತ್ತೆ ಆರಿತು. ಅತ್ತೆ ಎದುರಿಗೇ ಕೂತಿದ್ದಳು, ಹೆರಿಗೆ ಕೋಣೆಯ ಹೊರಗೆ ಕೂತ ಹಾಗೆ. ಕೊನೆಗೆ ಎದ್ದ ಮೇಲೆ ಅದರ ರೀತಿಯೇ ಬೇರೆಯಾಗಿತ್ತು. ಹೆಸರು, ಗುಟ್ಟಿನ ನಂಬರು ಏನೂ ಬೇಡ, ಮುಖ ತೋರಿಸಿ ಎಂದು ಕ್ಯಾಮೆರಾ ಬಿಟ್ಟುಕೊಂಡು ಕೂತಿತು! ಅತ್ತೆ ಎದ್ದು ಹೋಗಿ ಮುಖ ತೊಳೆದು, ತಲೆ ಬಾಚಿ, ವಿಭೂತಿ ಹಚ್ಚಿ, ಸೆರಗು ಹೊದ್ದು ಬಂದು ಕೂತಳು. ಅದು ಸುಮಾರು ಹೊತ್ತು ನೋಡಿತಂತೆ. ಆಮೇಲೆ ಗುರುತು ಸಿಗಲಿಲ್ಲ ಎಂದಿತು.

"ಹುಟ್ಟಿದಾಗಿನಿಂದ ಮಂದಿಗೆ ಹೆಣ್ಣು ತೋರಿಸಿದೆ," ಎಂದು ಫೋನಿನಲ್ಲಿ ಗದ್ಗದಿತಳಾದಳು, "ಈ ವಯಸ್ಸಿನ್ಯಾಗ ನನ್ನ ನೋಡಿ ಒಲ್ಲೆ ಅಂತು ನೋಡವ್ವಾ ಈ ಡಬ್ಬಿ!"

ಸಂಜೆ ತಂಗಿ ಬಂದು ಹೇಗೋ ಹಳೆಯ ನಂಬರು ಹಾಕಿ ಅದನ್ನು ತೆರೆದಳು. ಒಳಗೆ ಹೋದರೆ ಪ್ರಳಯ! ಗುಡ್ಡವೇ ಇಲ್ಲ, ಅದರ ಜಾಗದಲ್ಲಿ ಏನೋ ನೀಲಿ ಮಡಿಕೆ ಮಡಿಕೆಯಾದ ಬಟ್ಟೆ. ಗಂಡು ಹೆಣ್ಣುಗಳೆಲ್ಲ ಎಡಗಡೆ ಮೂಲೆಗೆ ಹೋಗಿ ಸಾಲು ಹಚ್ಚಿ ನಿಂತಿವೆ, ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ. ಅದೂ ಅಕ್ಷರಮಾಲೆಯ ಪ್ರಕಾರ! ಗಟ್ಟಿಯಾಗಿದ್ದ ಜೋಡಿಗಳು ಬೇರೆಯಾಗಿವೆ, ಜಗಳವಾಡಿ ಮುರಿದುಕೊಂಡವರು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದಾರೆ. ಕೂಡ್ಲಿಗಿಯ ಹುಡುಗನೊಬ್ಬನ ಪಕ್ಕದಲ್ಲಿ ಅವನ ಸ್ವಂತ ತಂಗಿ! "ಶಿವಶಿವಾ, ಅಣ್ಣ ತಂಗಿ ಅನ್ನೋ ಖಬರು ಬ್ಯಾಡೇನು ಇದಕ್ಕ!" ಎಂದು ಅತ್ತೆ ಕಣ್ಣು ಮುಚ್ಚಿಕೊಂಡಳಂತೆ. ಎಳೆದು ಬಲಕ್ಕೆ ಹಾಕಿದರೆ ಅವನು ಮತ್ತೆ ಛಂಗನೆ ಹಾರಿ ತನ್ನ ಜಾಗಕ್ಕೇ ಬಂದು ನಿಲ್ಲುತ್ತಾನೆ. ಯಾವ ಗಂಡನ್ನು ಎಳೆದರೂ ಅದೇ ಕಥೆ. "ಒಬ್ಬನೂ ತಾಯಿ ಸೆರಗು ಬಿಡವಲ್ಲ" ಎಂದು ನನಗೆ ವರದಿ ಬಂತು.

ಮರುದಿನ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿಯವನ ಬಳಿಗೆ ಹೋದಳು. ಅವನು ನೋಡಿ, "ಅಮ್ಮಾರ, ಎಲ್ಲಾ ಫೋಟೋ ಅದಾವ. ಒಂದೂ ಹೋಗಿಲ್ಲ" ಎಂದ.

"ಇರೋದು ದೊಡ್ಡದಲ್ಲಪಾ. ಯಾರು ಯಾರಿಗೆ ಎಷ್ಟು ದೂರ ಇದ್ರು, ಅದನ್ನ ತಗದು ಕೊಡು."

ಅವನು ತಲೆ ಕೆರೆದುಕೊಂಡು, "ಹಂಗಾದ್ರ ಫಾರ್ಮ್ಯಾಟ್ ಹೊಡ್ಯೂಣು. ಎಲ್ಲಾ ಅಳಿಸಿ ಹೊಸಾದಾಗಿ ಹಾಕಬಹುದು" ಎಂದ.

"ಅಳಸ್ತೀಯಾ? ಇಷ್ಟೂ ಮದುವಿ ಮುರ್ಯಾಕ ನಿಂತೀಯಾ? ಮೊದ್ಲ ಹೇಳು, ನಿಂದು ಮದುವಿ ಆಗೈತೇನು?"

ಆಗಿರಲಿಲ್ಲ. ಲ್ಯಾಪ್‌ಟಾಪು ರಿಪೇರಿಯಾಗದೆ ಮನೆಗೆ ಬಂತು, ಒಳಗೆ ಒಂದು ಗಂಡು ಹೆಚ್ಚಾಗಿತ್ತು.

ಇಷ್ಟಾದರೂ ನಾನು ನಗುತ್ತಲೇ ಇದ್ದೆ. ಭಾನುವಾರ ಯಜಮಾನರನ್ನು ಕರೆದುಕೊಂಡು ಹರಪನಹಳ್ಳಿಗೆ ಹೋದಾಗಲೇ ಗೊತ್ತಾದದ್ದು, ಅತ್ತೆ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು. ಎರಡನೇ ಹೋಳಿಗೆಯ ಅತ್ತೆ! ತಂಗಿ ಹಿತ್ತಲಲ್ಲಿದ್ದಳು. ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದು ಮೆಲ್ಲಗೆ ಹೇಳಿದಳು.

"ಉಳಿದೋರ್ದೆಲ್ಲಾ ನೆನಪೈತವ್ವಾ, ಕಣ್ಣು ಮುಚ್ಚಿ ಇಡತೀನಿ. ಆ ಡಾಕ್ಟ್ರು ಎಲ್ಲಿತನಕ ಬಂದಿದ್ರು ಅನ್ನೋದ ಮರ್ತೀನಿ. ಗುಡ್ಡ ಇದ್ರ ಗುರ್ತು ಹತ್ತತಿತ್ತು. ಹೆಚ್ಚು ಹತ್ರ ಇಟ್ರ ಹುಡುಗಿ ಬೆದರತಾಳ. ದೂರ ಇಟ್ರ, ಅಷ್ಟು ದಿನ ಕಾದ ಮನುಷ್ಯಾಗ ಅನ್ಯಾಯ ಮಾಡ್ದಂಗಾತು. ನನ್ನ ಕೈಗುಣ ಮೊದ್ಲ ಸುಟ್ಟೈತಿ ಆಕಿ ಪಾಲಿಗೆ. ಈಗ ಇದೂ ಕಲಸಿ ಹೋತಲ್ಲ, ಬ್ಯಾಡ ಅಂತ ದೇವ್ರ ಹೇಳಾಕತ್ತಾನೇನ?"

"ಹುಚ್ಚಿ, ಅದು ಅಪ್‌ಡೇಟು, ದೇವ್ರಲ್ಲ" ಎಂದೆ. ನಗಿಸೋಣವೆಂದೇ ಹಾಗೆಂದೆ. ಅತ್ತೆ ನಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಪಡಸಾಲೆಗೆ ಹೋದಳು.

ಯಜಮಾನರು ಅಲ್ಲಿ ಕನ್ನಡಕ ಏರಿಸಿ, ಮೌಸಿನ ಬಲಗಡೆಯ ಗುಂಡಿಯನ್ನು ಒತ್ತಿ ಒತ್ತಿ, ಸಾಲು ಹಚ್ಚುವ ಆ ಹಾಳು ಚಾಳಿಯನ್ನು ಕೊನೆಗೂ ಹುಡುಕಿ ಆರಿಸಿದರು. ಎಳೆದರು, ಗಂಡು ಎಳೆದಲ್ಲೇ ನಿಂತಿತು. ಎಲ್ಲರೂ ಹೋ ಎಂದು ಕೂಗಿದೆವು. ಅತ್ತೆ ಹೇಳುತ್ತ ಹೋದಳು, ಯಜಮಾನರು ಇಡುತ್ತ ಹೋದರು. "ಹಡಗಲಿ ಹುಡುಗಿ ಇನ್ನೊಂಚೂರು ಆ ಕಡಿ ಅಳಿಯಂದ್ರ, ಆಕಿ ಅಪ್ಪಗ ಇನ್ನೂ ಒಪ್ಪಿಗಿ ಇಲ್ಲ. ಕೊಟ್ಟೂರೋನ್ನ ಹಿಂದಕ್ಕ ತಳ್ರಿ, ಅವ್ನು ಬುಲೆಟ್ ಗಾಡಿ ಕೇಳ್ಯಾನ." ಒಬ್ಬೊಬ್ಬರೇ ತಮ್ಮ ತಮ್ಮ ಊರಿಗೆ ಸೇರಿದ ಹಾಗೆ ಪರದೆ ತುಂಬಿತು. ಉಳಿದವರು ಇಬ್ಬರೇ. ತಂಗಿಯನ್ನು ಎಡಗಡೆಯ ಮೂಲೆಯಲ್ಲಿ ಇಟ್ಟದ್ದಾಯಿತು. ಡಾಕ್ಟರರ ಫೋಟೋ ಹಿಡಿದುಕೊಂಡು ಯಜಮಾನರು, "ಇವ್ರನ್ನ ಎಲ್ಲಿ ಇಡ್ಲಿ?" ಎಂದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಯಜಮಾನರು ಅಂದಾಜಿನ ಮೇಲೆ ಬಲಗಡೆಯ ತುದಿಗೆ ಇಟ್ಟರು.

"ಅಲ್ಲಿ ಇದ್ದಿಲ್ಲ ಅವರು."

ತಿರುಗಿ ನೋಡಿದರೆ ತಂಗಿ. ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

"ಯಾರವ್ವಾ?" ಎಂದಳು ಅತ್ತೆ.

"ಡಾಕ್ಟ್ರು."

ತಟ್ಟೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು ಕೂತಳು. ಭಾವನ ಕೈಯಿಂದ ಮೌಸು ತೆಗೆದುಕೊಂಡು, ಆ ಫೋಟೋವನ್ನು ಎಳೆದು ನಡುಮಧ್ಯಕ್ಕಿಂತ ಈಚೆಗೆ ತಂದು ನಿಲ್ಲಿಸಿದಳು. "ಇಲ್ಲಿತನಕ ಬಂದಿದ್ರು. ಹ್ವಾದ ಸೋಮವಾರ ನೀ ಒಂಚೂರು ಸರಿಸಿದ್ದೆಲ್ಲ ಅತ್ತಿ, ಅದೂ ಸೇರಿ."

"ನಿಂಗ… ನಿಂಗ ಗೊತ್ತಿತ್ತೇನವ್ವಾ?"

"ದಿನಾ ಮುಂಜಾನಿ ಇದರ ಧೂಳ ಒರ್ಸಿ, ಹಚ್ಚಿ ಇಡಾಕಿ ನಾನ ಅಲ್ಲೇನು?"

ಅಷ್ಟು ಹೇಳಿ ಏಳುತ್ತಾಳೆ, ಹಿತ್ತಲಿಗೆ ಹೋಗುತ್ತಾಳೆ ಎಂದುಕೊಂಡೆ. ಏಳಲಿಲ್ಲ. ಮೌಸಿನ ಮೇಲೆ ಕೈ ಹಾಗೇ ಇತ್ತು. ಎಡಗಡೆಯ ಮೂಲೆಗೆ ಹೋಗಿ ತನ್ನ ಫೋಟೋವನ್ನು ಹಿಡಿದಳು. ಅತ್ತೆ ಇಷ್ಟು ದಿನವೂ ಬೆರಳು ಸೋಕಿಸದ ಆ ಫೋಟೋ ಮೆಲ್ಲಗೆ ಅಲುಗಿತು, ಸ್ವಲ್ಪ ದೂರ ಬಂದು ನಿಂತಿತು. ಅವಳು ಬೆರಳು ಎತ್ತಿಬಿಟ್ಟಿದ್ದಳು. ಮತ್ತೆ ಹಿಡಿದಳು. ಈ ಸಲ ಬಿಡಲಿಲ್ಲ. ಎಳೆದು ತಂದು ಡಾಕ್ಟರರ ಪಕ್ಕದಲ್ಲಿ ಇಟ್ಟು, ಪರದೆಯನ್ನೇ ನೋಡುತ್ತ ಸಣ್ಣಗೆ ಹೇಳಿದಳು:

"ಪಾಪ, ಅವರೊಬ್ರ ಎಷ್ಟಂತ ನಡೀಬೇಕತ್ತಿ?"

ಅತ್ತೆ ಎದ್ದು ಬಂದು ತಂಗಿಯ ತಲೆಯನ್ನು ಹೊಟ್ಟೆಗೆ ಅವಚಿಕೊಂಡು ನಿಂತುಬಿಟ್ಟಳು. ತಂಗಿಯ ಭುಜ ಕುಲುಕುತ್ತಿತ್ತು, ಗಂಡ ಹೋದಾಗಲೂ ನಮ್ಮ ಯಾರ ಮುಂದೆಯೂ ಅಳದವಳು. ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನಗೆ ತಡೆಯಲಾಗಲಿಲ್ಲ. ಅಮ್ಮ ಇದನ್ನು ನೋಡಬೇಕಿತ್ತು.